ದುಡಿಯ ಹಾಡಿಗೆ ಒಡೆಯರಾರು?

ಪುತ್ತರಿ ಹಬ್ಬದಂದು ಊರ ಬಯಲಾದ ಮಂದಿನಲ್ಲಿಯೋ ಮದುವೆಯ ಮನೆಯಲ್ಲಿಯೋ ನಾಲ್ವರು ಹಿರಿಯರು ದುಡಿ ಬಾರಿಸುತ್ತ ಹಾಡುವ ಕೊಡವ ಹಾಡನ್ನು ಮೊಬೈಲಿನಲ್ಲಿ ಸೆರೆಹಿಡಿದು ರೀಲ್ ಮಾಡಿ ಬಿತ್ತರಿಸುವ ತರುಣನಿಗೆ, ಅದು ಯಾರ ಸ್ವತ್ತೆಂಬ ಪ್ರಶ್ನೆ ಪ್ರಾಯಶಃ ಹೊಳೆಯುವುದೇ ಇಲ್ಲ.

ತಲೆಮಾರುಗಳಿಂದ ಕಂಠಸ್ಥವಾಗಿ ಉಳಿದುಬಂದ ಇಂಥ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ, ಕನ್ನಡ ಲಿಪಿಯಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಹೆಸರಿನಿಂದ 1924ರಲ್ಲಿ ಪ್ರಕಟಿಸಿದರು. ಅವರು 1931ರಲ್ಲಿ ದಿವಂಗತರಾದುದರಿಂದ, ಕರ್ತೃವಿನ ಮರಣಾನಂತರ 60 ವರ್ಷಗಳೆಂಬ ಇಂದಿನ ಲೆಕ್ಕವನ್ನೇ ಹಿಡಿದರೂ, ಆ ಗ್ರಂಥದ ಹಕ್ಕು ಎಂದೋ ತೀರಿ ಅದು ಸರ್ವರದಾಗಿದೆ. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪನವರ 2003ರ ಇಂಗ್ಲಿಷ್ ಅನುವಾದವಾದರೋ ಸ್ವತಂತ್ರ ಕೃತಿ. ಅದರ ಹಕ್ಕು ಇನ್ನೂ ಜೀವಂತ.

ಹಾಗಾದರೆ ಹಾಡಿದ ಹಿರಿಯರ ಪಾಲೇನು? ಹಾಡು ಹಳೆಯದಾದ ಮಾತ್ರಕ್ಕೆ ಹಾಡುಗಾರನ ಶ್ರಮವೂ ಬಿಟ್ಟಿಯೆಂದು ಬಗೆಯುವುದು ನಮ್ಮವರ ಸಾಮಾನ್ಯ ಭ್ರಮೆ. ಕೃತಿಸ್ವಾಮ್ಯದ ಅಧಿನಿಯಮಕ್ಕೆ 1994ರಲ್ಲಿ ತಂದ ತಿದ್ದುಪಡಿಯು ಗಾಯಕ, ವಾದಕ, ನರ್ತಕರೆಲ್ಲರಿಗೂ ಪ್ರದರ್ಶಕರ ಹಕ್ಕನ್ನು ದಯಪಾಲಿಸಿದೆ. ಅದರ ಅವಧಿ ಈಗ 50 ವರ್ಷ. ಮನೆಮಂದಿ ನೋಡಲೆಂದು ಚಿತ್ರಿಸಿಕೊಂಡರೆ ಬಾಧಕವಿಲ್ಲ. ಅದೇ ಧ್ವನಿಯನ್ನು ರೆಸಾರ್ಟಿನ ಜಾಹೀರಾತಿಗೆ ಅಂಟಿಸುವುದಾದರೆ ಹಾಡಿದವರ ಸಮ್ಮತಿ ಬೇಕು.

ಆದರೆ ಹಾಡನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದ ಸಮುದಾಯಕ್ಕೆ, ಸಮುದಾಯವೆಂಬ ನೆಲೆಯಲ್ಲಿ, ಈ ಅಧಿನಿಯಮವು ಯಾವ ಹಕ್ಕನ್ನೂ ಕೊಟ್ಟಿಲ್ಲ.