ಗತಿ ಇಳಿದರೂ ಶ್ರುತಿ ಇಳಿಯದು

ಸಂಗೀತದ ಗುರುಗಳು ಸರಳೆ ವರಸೆಯನ್ನು ಮೊದಲು ಒಂದನೆಯ ಕಾಲದಲ್ಲಿ ಹಾಡಿಸಿ, ಅದು ಗಟ್ಟಿಯಾದ ಬಳಿಕವೇ ಎರಡನೆಯ, ಮೂರನೆಯ ಕಾಲಗಳಿಗೆ ಏರಿಸುತ್ತಾರೆ. ವೇಗ ಬದಲಾಗುತ್ತದೆ; ಶ್ರುತಿ ಬದಲಾಗುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಯಕ್ಷಗಾನವನ್ನು ನೋಡಿ ಬೆಳೆದವರೂ ಇದನ್ನು ಬಲ್ಲರು: ಭಾಗವತರು ಪದ್ಯದ ಗತಿಯನ್ನು ಎಷ್ಟೇ ಏರಿಸಿ ಇಳಿಸಿದರೂ ಶ್ರುತಿ ಕದಲದು. ಅಲ್ಲಿಯ ವಿದ್ಯಾರ್ಥಿಯೊಬ್ಬನು ಇಂದು ಗಿಟಾರ್ ಹಿಡಿದು, ಮೆಚ್ಚಿನ ಹಾಡಿನೊಡನೆ ಅಭ್ಯಾಸ ಮಾಡಬಯಸಿದರೆ, ಗಣಕಯಂತ್ರದ ತಂತ್ರಾಂಶವು ಆ ಹಾಡನ್ನೂ ಹೀಗೆಯೇ ನಿಧಾನಗೊಳಿಸಿ ಕೊಡುತ್ತದೆ.

ಮೇಲುನೋಟಕ್ಕೆ ಸುಲಭವೆನಿಸುವ ಈ ಕಾರ್ಯ ಯಂತ್ರಕ್ಕೆ ಸುಲಭವಲ್ಲ. ಸ್ವರದ ಎತ್ತರವನ್ನು ನಿರ್ಧರಿಸುವುದು ಕಂಪನಗಳ ವೇಗ. ಗಿಟಾರಿನ ಐದನೆಯ ತಂತಿಯು ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಅದರ ಧ್ವನಿಯನ್ನು ಮುದ್ರಿಸಿದ ಟೇಪನ್ನು ಮುಕ್ಕಾಲು ವೇಗದಲ್ಲಿ ಓಡಿಸಿದರೆ ಕಂಪನಗಳು 82.5ಕ್ಕೆ ಇಳಿದು, ಆರನೆಯ ತಂತಿಯನ್ನು ಮೀಟಿದಂತೆ ಕೇಳುತ್ತದೆ. ಅದರೊಡನೆ ನುಡಿಸುವುದು ಹೇಗೆ?

ತಂತ್ರಾಂಶವು ಬೇರೊಂದು ದಾರಿಯನ್ನು ಹಿಡಿಯುತ್ತದೆ. ಅಡಕಮುದ್ರಿಕೆಯಲ್ಲಿ ಧ್ವನಿಯು ಸೆಕೆಂಡಿಗೆ 44,100 ಅಳತೆಗಳ ಸಾಲಾಗಿರುತ್ತದೆ. ಈ ಸಾಲನ್ನು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಂಥ ಕಿರುತುಣುಕುಗಳಾಗಿ, ಒಂದರ ಮೇಲೊಂದು ಹೊದ್ದಿರುವಂತೆ ತೆಗೆದುಕೊಳ್ಳಲಾಗುತ್ತದೆ. ನಾಡಹಂಚುಗಳ ಹೊದಿಕೆಯನ್ನು ತುಸು ಕಡಿಮೆ ಮಾಡಿ ಹರಡಿದರೆ ಮಾಡು ಉದ್ದವಾಗುತ್ತದೆ. ಹಂಚಿನ ಗಾತ್ರ ಮಾತ್ರ ಹಾಗೆಯೇ ಇರುತ್ತದೆ. ಇಲ್ಲಿಯೂ ಅಷ್ಟೆ: ತುಣುಕಿನೊಳಗಿನ ಕಂಪನಗಳು ಮೊದಲಿನಂತೆಯೇ ಉಳಿದು, ಹಾಡು ಮಾತ್ರ ದೀರ್ಘವಾಗುತ್ತದೆ. ಆದರೆ ಎರಡು ತುಣುಕುಗಳು ಸೇರುವೆಡೆಯಲ್ಲಿ ಅಲೆಯ ಉಬ್ಬಿಗೆ ಉಬ್ಬು, ತಗ್ಗಿಗೆ ತಗ್ಗು ಕೂಡಬೇಕು. ಇಲ್ಲವಾದರೆ ಧ್ವನಿ ಒಡೆಯುತ್ತದೆ. ಅಲೆಗಳನ್ನು ಹೀಗೆ ಹೊಂದಿಸುವ ಗಣಿತದ ವಿಧಾನವೊಂದನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯ ಫ್ಲಾನಗನ್ ಮತ್ತು ಗೋಲ್ಡನ್ 1966ರಲ್ಲಿ ಪ್ರಕಟಿಸಿದರು.

ಈ ಉಪಾಯಕ್ಕೂ ಮಿತಿಯುಂಟು. ಚೆಂಡೆಯ ಪೆಟ್ಟಿನಂಥ ಕ್ಷಣಿಕ ಧ್ವನಿಯು ಎರಡು ತುಣುಕುಗಳಲ್ಲಿ ಸಿಕ್ಕಿದರೆ, ಒಂದೇ ಪೆಟ್ಟು ಎರಡಾಗಿ ಕೇಳಬಹುದು ಅಥವಾ ಅದರ ಮೊನಚು ಮಾಸಬಹುದು. ಗತಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದಾಗ ಗಿಟಾರಿನ ಮೀಟೂ ಮಸುಕಾಗುವುದು ಇದರಿಂದಲೇ.

ಅಭ್ಯಾಸಕ್ಕೆ ತೊಡಗುವ ಮುನ್ನ ಗಿಟಾರನ್ನು ಹಾಡಿನ ಶ್ರುತಿಗೆ ಸರಿಯಾಗಿ ಕೂಡಿಸಬೇಕು. ಕಠಿನವಾದ ಒಂದೆರಡು ಆವರ್ತಗಳನ್ನಷ್ಟೇ ಆರಿಸಿ, ಮೊದಲು ನೂರಕ್ಕೆ 60ರ ಗತಿಯಲ್ಲಿ ಮತ್ತೆ ಮತ್ತೆ ನುಡಿಸಬೇಕು. ಬೆರಳು ತಪ್ಪದೆ ನಡೆದ ಮೇಲೆ ಐದೈದರಂತೆ ಏರಿಸಬಹುದು. ಅವಸರದಲ್ಲಿ ಕಲಿತ ತಪ್ಪು ಕೈಗೆ ಅಂಟಿಕೊಳ್ಳುತ್ತದೆ. ಅದನ್ನು ಬಿಡಿಸುವುದು ಹೊಸತನ್ನು ಕಲಿಯುವುದಕ್ಕಿಂತ ಕಷ್ಟ. ಗುರುಗಳು ಹತ್ತಿರವಿಲ್ಲದ ಊರಿನ ವಿದ್ಯಾರ್ಥಿಯು ಇದನ್ನು ವಿಶೇಷವಾಗಿ ನೆನಪಿಡಬೇಕು.