ಜರ್ಮನ್ ತರಗತಿಗೆ ಬಂದ ಜನಪ್ರತಿನಿಧಿ

(ಸಂಘದ ಮಾಸಿಕ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲೇಖನರೂಪ)



ಸ್ಟುಟ್‌ಗಾರ್ಟ್ ಸಮೀಪದ ಊರೊಂದರ ವಯಸ್ಕರ ಶಿಕ್ಷಣ ಕೇಂದ್ರದಲ್ಲಿ, ಇಲ್ಲಿಯವರ ಮಾತಿನಲ್ಲಿ ಫೋಲ್ಕ್ಸ್‌ಹೋಖ್‌ಶೂಲೆಯಲ್ಲಿ, ನಾವು ಕೆಲವು ವರ್ಷಗಳಿಂದ ವಲಸೆ ಬಂದವರಿಗೆ ಜರ್ಮನ್ ಭಾಷೆಯನ್ನು ಬೋಧಿಸುತ್ತಿದ್ದೇವೆ. ಈ ಅವಧಿಯಲ್ಲಿ ನಮ್ಮನ್ನು ಬಹುವಾಗಿ ಕಾಡಿದ ಸಂಗತಿಯೆಂದರೆ ಪರೀಕ್ಷೆಯಲ್ಲಿ ತೇರ್ಗಡೆಯಾದವರ ಮೌನ. ಬಿ1 ಪ್ರಮಾಣಪತ್ರ ಕೈಯಲ್ಲಿದ್ದರೂ ಸರಕಾರಿ ಕಚೇರಿಗೆ ಹೋಗುವಾಗ ಹತ್ತು ವರ್ಷದ ಮಗನನ್ನು ದುಭಾಷಿಯಾಗಿ ಕರೆದೊಯ್ಯುವ ತಾಯಂದಿರು ನಿಮ್ಮ ಪರಿಚಯದಲ್ಲಿಯೂ ಇದ್ದಾರು. ಅವರಿಗೆ ವ್ಯಾಕರಣ ಬಾರದೆಂದಲ್ಲ. ತರಗತಿಯಲ್ಲಿ ಅವರು ಕೇಳಿದ ಪ್ರಶ್ನೆಗಳಲ್ಲಿ ಒಂದಾದರೂ ಅವರದಾಗಿರಲಿಲ್ಲ. ರೈಲು ನಿಲ್ದಾಣಕ್ಕೆ ಹೋಗಬೇಕಾಗಿಲ್ಲದವರಿಂದ ‘ನಿಲ್ದಾಣ ಎಲ್ಲಿದೆ’ ಎಂದು ನೂರು ಬಾರಿ ಕೇಳಿಸಿದರೆ ನಾಲಿಗೆ ತಿರುಗೀತು, ಮಾತು ಹುಟ್ಟದು.

ಹಾಗಾಗಿ, ಉತ್ತರ ಹೇಳುವ ಹೊಣೆ ಹೊತ್ತ ಒಬ್ಬರನ್ನು ತರಗತಿಗೇ ಕರೆತರುವುದೆಂದು ನಿಶ್ಚಯಿಸಿದೆವು. ಮೊದಲ ಪ್ರಯತ್ನ ಸಂಪೂರ್ಣವಾಗಿ ಸೋತಿತು. ಆಹ್ವಾನವನ್ನು ಮನ್ನಿಸಿ ಬಂದ ರಾಜ್ಯ ಶಾಸಕರೊಬ್ಬರು ನಲವತ್ತು ನಿಮಿಷ ನಿರರ್ಗಳವಾಗಿ ಭಾಷಣ ಮಾಡಿದರು, ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು, ಎಲ್ಲರೂ ಸೇರಿ ಭಾವಚಿತ್ರ ತೆಗೆಸಿಕೊಂಡೆವು. ಮರುದಿನ ವಿಚಾರಿಸಿದಾಗ ಯಾರಿಗೂ ಒಂದು ವಾಕ್ಯವೂ ನೆನಪಿರಲಿಲ್ಲ. ತಪ್ಪು ಅವರದಲ್ಲ, ನಮ್ಮದೇ. ನಾವು ಅತಿಥಿಯನ್ನು ಸಿದ್ಧಪಡಿಸಿದ್ದೆವೇ ಹೊರತು ವಿದ್ಯಾರ್ಥಿಗಳನ್ನಲ್ಲ.

ರಾಜಕಾರಣಿಯನ್ನು ಪಾಠದ ಕೋಣೆಗೆ ಕರೆತರುವುದು ಈ ದೇಶದಲ್ಲಿ ಸೂಕ್ಷ್ಮ ವಿಷಯವೇ ಸರಿ. ನಮ್ಮ ಊರಿನಿಂದ ಬಹುದೂರವಿಲ್ಲದ ಬಾಯ್ಟೆಲ್ಸ್‌ಬಾಖ್ ಎಂಬಲ್ಲಿ 1976ರಲ್ಲಿ ಭಿನ್ನ ಪಂಥಗಳ ಶಿಕ್ಷಣತಜ್ಞರು ಸೇರಿ ಚರ್ಚಿಸಿದರು. ಅಲ್ಲಿ ಮೂಡಿದ ಸಹಮತ ಇಂದಿಗೂ ರಾಜಕೀಯ ಶಿಕ್ಷಣದ ಅಡಿಗಲ್ಲಾಗಿದೆ. ವಿದ್ಯಾರ್ಥಿಯ ಮೇಲೆ ಅಭಿಪ್ರಾಯವನ್ನು ಹೇರಕೂಡದು. ಸಮಾಜದಲ್ಲಿ ವಿವಾದವಾಗಿರುವುದನ್ನು ತರಗತಿಯಲ್ಲಿಯೂ ವಿವಾದವೆಂದೇ ಮುಂದಿಡಬೇಕು. ತನ್ನ ಹಿತ ಎಲ್ಲಿದೆಯೆಂದು ವಿದ್ಯಾರ್ಥಿಯೇ ವಿವೇಚಿಸುವಂತಾಗಬೇಕು. ಈ ಕಾರಣದಿಂದ ನಾವು ಒಂದೇ ಪಕ್ಷದವರನ್ನು ಪದೇ ಪದೇ ಕರೆಯುವುದಿಲ್ಲ. ಅತಿಥಿ ಹೋದ ಬಳಿಕ ಅವರ ಮಾತು ಸರಿಯೋ ತಪ್ಪೋ ಎಂದು ತೀರ್ಪು ಕೊಡುವುದೂ ಇಲ್ಲ. (ಪ್ರಾಸಂಗಿಕವಾಗಿ ಒಂದು ಮಾತು: 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಹುಟ್ಟಿದ್ದೂ ಕೊನೆಯುಸಿರೆಳೆದದ್ದೂ ಇದೇ ಸೀಮೆಯಲ್ಲಿ. ಪರಭಾಷೆಯನ್ನು ಕಲಿತು ಆ ಭಾಷೆಯಲ್ಲಿಯೇ ಅಂದಂದಿನ ಸುದ್ದಿಯನ್ನು ಬರೆದ ಅವರನ್ನು ನಮ್ಮ ವಿದ್ಯಾರ್ಥಿಗಳ ಹಿರಿಯಣ್ಣನೆಂದೇ ನಾವು ಭಾವಿಸುತ್ತೇವೆ.)

ಈಗ ಸಿದ್ಧತೆಗೆ ನಾಲ್ಕು ವಾರ ಮೀಸಲು. ಡಾಯ್ಚೆ ವೆಲೆ ಸಂಸ್ಥೆ ಕಲಿಯುವವರಿಗೆಂದೇ ನಿಧಾನವಾಗಿ ಓದಿಸುವ ವಾರ್ತೆಯನ್ನು ಮೊದಲು ಕೇಳಿಸುತ್ತೇವೆ, ಅನಂತರ ಸ್ಥಳೀಯ ಪತ್ರಿಕೆಯನ್ನು ಓದಿಸುತ್ತೇವೆ. ಪ್ರಚಲಿತ ವಿದ್ಯಮಾನಗಳ ಶಬ್ದಗಳನ್ನು ಬಿಡಿಸಿ ನೋಡುವುದೇ ಒಂದು ರಸಾನುಭವ. 2025ರ ಮಾರ್ಚ್‌ನಲ್ಲಿ ಮೂಲಭೂತ ಸೌಕರ್ಯ ಮತ್ತು ಹವಾಮಾನ ರಕ್ಷಣೆಗೆಂದು 50,000 ಕೋಟಿ ಯೂರೋಗಳ ನಿಧಿಗೆ ಸಂಸತ್ತು ಒಪ್ಪಿಗೆಯಿತ್ತಿತು. ಅದರ ಹೆಸರು ‘ಝೊಂಡರ್‌ಫೆರ್‌ಮ್ಯೋಗನ್’, ಅಕ್ಷರಶಃ ‘ವಿಶೇಷ ಸಂಪತ್ತು’. ಆದರೆ ಅದು ಸಾಲದ ಹಣ! ಸಾಲಕ್ಕೆ ಸಂಪತ್ತೆಂಬ ಹೆಸರೇಕೆ ಎಂದು ಒಬ್ಬ ವಿದ್ಯಾರ್ಥಿ ಕೇಳಿದಾಗ, ಈ ಪ್ರಶ್ನೆ ಅತಿಥಿಗೇ ಮೀಸಲಿರಲಿ ಎಂದೆವು.

ವ್ಯಾಕರಣವೂ ಇಲ್ಲಿಯೇ ಕೂಡಿಕೊಳ್ಳುತ್ತದೆ. ‘ಬಸ್ಸು ಏಕೆ ನಿಂತಿತು?’ ಎಂದು ನೇರವಾಗಿ ಕೇಳುವುದಕ್ಕಿಂತ ‘ಬಸ್ಸು ಏಕೆ ನಿಂತಿತೆಂದು ತಿಳಿಸಬಲ್ಲಿರಾ?’ ಎಂಬುದು ಜರ್ಮನ್ನಿನಲ್ಲಿಯೂ ಸೌಜನ್ಯದ ರೀತಿ. ಆಗ ಒಳವಾಕ್ಯದ ಕ್ರಿಯಾಪದ ಕೊನೆಗೆ ಸರಿಯುತ್ತದೆ. ಇಂಗ್ಲಿಷಿನ ಮೂಲಕ ಕಲಿಯುವವರು ಇಲ್ಲಿ ಮುಗ್ಗರಿಸುತ್ತಾರೆ. ಕ್ರಿಯಾಪದವನ್ನು ಕೊನೆಯಲ್ಲಿಡುವುದು ಕನ್ನಡಿಗರಿಗೆ ಹುಟ್ಟುಗುಣ. ಆತ್ಮೀಯರಿಗೆ ‘ಡೂ’, ಗೌರವಕ್ಕೆ ‘ಝೀ’ ಎಂಬ ಭೇದವೂ ನಮ್ಮ ನೀನು-ನೀವುಗಳ ನೆರೆಯದೇ.

ಕೇಳುವುದಕ್ಕಿಂತ ಉತ್ತರವನ್ನು ಅರ್ಥಮಾಡಿಕೊಳ್ಳುವುದು ಕಠಿಣ. ರಾಜಕಾರಣಿಗಳ ಜರ್ಮನ್ನಿನಲ್ಲಿ ‘ಮ್ಯುಸ್ಟೆ’, ‘ಕ್ಯೋನ್ಟೆ’ ಎಂಬ ಸಂಭಾವನಾರ್ಥಕ ರೂಪಗಳು ಹೇರಳ. ಅದರೊಡನೆ ‘ಮನ್’ ಎಂಬ ಸರ್ವನಾಮ. ಅದು ಯಾರನ್ನೂ ನಿರ್ದಿಷ್ಟವಾಗಿ ಸೂಚಿಸದು. ‘ಮನ್ ಮ್ಯುಸ್ಟೆ’ ಎಂದು ಆರಂಭವಾದ ವಾಕ್ಯ ನಮ್ಮ ಕಚೇರಿಗಳ ‘ಪರಿಶೀಲಿಸಲಾಗುವುದು’ ಎಂಬುದರ ಸೋದರ. ಕೆಲಸ ಆಗಬೇಕೆನ್ನುತ್ತದೆ, ಮಾಡುವವರು ಯಾರೆಂದು ಹೇಳುವುದಿಲ್ಲ.

ಕಳೆದ ವರ್ಷ ನಗರಸಭಾ ಸದಸ್ಯರೊಬ್ಬರು ಸಂಜೆಯ ತರಗತಿಗೆ ಬಂದಿದ್ದರು. ಇಲ್ಲಿ ಈ ಹುದ್ದೆ ಗೌರವಸೇವೆಯಾದ್ದರಿಂದ ಅವರು ತಮ್ಮ ಉದ್ಯೋಗ ಮುಗಿಸಿಕೊಂಡು ನೇರವಾಗಿ ಬಂದರು. ಸ್ವಪರಿಚಯಕ್ಕೆ ಐದೇ ನಿಮಿಷವೆಂದು ಮೊದಲೇ ವಿನಂತಿಸಿದ್ದೆವು. ದಾವಣಗೆರೆ ಕಡೆಯ ಒಬ್ಬ ಸಹೋದರಿ, ಎರಡು ವರ್ಷಗಳಲ್ಲಿ ತಾವಾಗಿ ತುಟಿ ತೆರೆದವರಲ್ಲ, ಎದ್ದು ನಿಂತರು. ಕೈಯಲ್ಲಿದ್ದ ಚೀಟಿ ನಡುಗುತ್ತಿತ್ತು. ಕಿಟಾ, ಅಂದರೆ ಶಿಶುವಿಹಾರ, ಮಧ್ಯಾಹ್ನ ಎರಡಕ್ಕೇ ಏಕೆ ಮುಚ್ಚುತ್ತದೆಂದು ಕೇಳಿದರು. ದೊರೆತಿರುವ ಕೆಲಸ ನಾಲ್ಕರವರೆಗಿದೆ; ಮಗುವನ್ನು ಯಾರು ನೋಡಿಕೊಳ್ಳಬೇಕು? ಒಂದು ವರ್ಷ ತುಂಬಿದ ಮಗುವಿಗೆ ಆರೈಕೆಯ ಸ್ಥಳ ಪಡೆಯುವ ಹಕ್ಕು 2013ರ ಆಗಸ್ಟ್ 1ರಿಂದ ಕಾನೂನಿನಲ್ಲಿದೆಯೆಂಬುದನ್ನೂ ಹೇಳಿದರು. ಸದಸ್ಯರು ಸಿಬ್ಬಂದಿಯ ಕೊರತೆಯನ್ನು ವಿವರಿಸಿ, ‘ಮನ್ ಮ್ಯುಸ್ಟೆ’ ಎಂದು ತೊಡಗಿ, ವೇಳೆಯನ್ನು ಪರಿಶೀಲಿಸಬೇಕಾದೀತು ಎಂದರು. ಆಕೆ ಕುಳಿತುಕೊಳ್ಳಲಿಲ್ಲ. ಚೀಟಿಯಲ್ಲಿ ಇರದಿದ್ದ ಮೂರು ಪದಗಳು ಬಂದವು: ‘ವೇರ್ ಇಸ್ಟ್ ಮನ್?’ ಆ ‘ಮನ್’ ಎಂದರೆ ಯಾರು?

ತರಗತಿ ನಕ್ಕಿತು, ಸದಸ್ಯರೂ ನಕ್ಕರು. ಬಳಿಕ ಗಂಭೀರರಾಗಿ, ಈ ವಿಷಯ ಯಾವ ಸಮಿತಿಯ ಮುಂದೆ ಬರುತ್ತದೆ, ಆಯವ್ಯಯದ ಚರ್ಚೆ ಯಾವಾಗ, ಮನವಿಯನ್ನು ಯಾರಿಗೆ ಬರೆಯಬೇಕು ಎಂದು ಒಂದೊಂದಾಗಿ ಹೇಳಿದರು. ವಾಕ್ಯಗಳ ಕರ್ತೃಪದ ಬದಲಾಗಿತ್ತು. ಹದಿನಾಲ್ಕು ವಿದ್ಯಾರ್ಥಿಗಳೂ ಅದನ್ನು ಗಮನಿಸಿದರೆಂಬುದು ನಮಗೆ ಆ ಸಂಜೆಯ ದೊಡ್ಡ ಸಂತೋಷ.

ನಮ್ಮಲ್ಲಿ ಹಲವರು, ಮತದಾನದ ಹಕ್ಕಿಲ್ಲದ ನಮ್ಮ ಮಾತಿಗೆ ಬೆಲೆಯೇನು ಎನ್ನುತ್ತಾರೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರಿಗೆ ಇಲ್ಲಿಯ ನಗರಸಭಾ ಚುನಾವಣೆಯಲ್ಲಿಯೂ ಮತವಿಲ್ಲ ನಿಜ. 2024ರ ಜೂನ್‌ನಿಂದ ಜರ್ಮನಿ ಬಹುಪೌರತ್ವವನ್ನು ಒಪ್ಪಿದ್ದರೂ ಭಾರತ ಒಪ್ಪಿಲ್ಲವಾದ್ದರಿಂದ ಆ ನಿರ್ಧಾರ ಸುಲಭವಲ್ಲ. ಆದರೆ ಜರ್ಮನ್ ಸಂವಿಧಾನದ 17ನೆಯ ವಿಧಿ, ಜನಪ್ರತಿನಿಧಿ ಸಭೆಗೆ ಲಿಖಿತ ಮನವಿ ಸಲ್ಲಿಸುವ ಹಕ್ಕನ್ನು ‘ಪ್ರತಿಯೊಬ್ಬರಿಗೂ’ ಕೊಟ್ಟಿದೆ, ಜರ್ಮನ್ ಪ್ರಜೆಗಳಿಗೆ ಮಾತ್ರವಲ್ಲ. ಅನೇಕ ನಗರಸಭೆಗಳ ಬಹಿರಂಗ ಸಭೆಗಳಲ್ಲಿ ನಿವಾಸಿಗಳ ಪ್ರಶ್ನೆಗಳಿಗೆಂದು ಸಮಯವಿರುತ್ತದೆ.

ಆ ಕಿಟಾದ ವೇಳೆ ಇನ್ನೂ ಬದಲಾಗಿಲ್ಲ. ಮನವಿ ಸಲ್ಲಿಕೆಯಾಗಿದೆ, ಸ್ವೀಕೃತಿ ಪತ್ರ ಬಂದಿದೆ. ಚಳಿಗಾಲದ ಸಭೆಯೊಂದಕ್ಕೆ ಆ ಸಹೋದರಿ ಮಗನನ್ನು ಮನೆಯಲ್ಲಿ ಬಿಟ್ಟು, ತರಗತಿಯ ಇಬ್ಬರು ಗೆಳತಿಯರೊಡನೆ ಹೋಗಿ ಬಂದರು. ತಮ್ಮ ಊರಿನ ಸಭೆಯಲ್ಲಿ ಕೇಳಬೇಕೆಂದಿರುವ ಪ್ರಶ್ನೆಯನ್ನು ಸಂಘದ ಸದಸ್ಯರು ಯಾರಾದರೂ ಬರೆದು ತಂದರೆ, ಮುಂದಿನ ಕೂಟದ ಬಳಿಕ ಅರ್ಧ ಗಂಟೆ ಕುಳಿತು ಭಾಷೆಯನ್ನು ತಿದ್ದಿಕೊಡಲು ನಾವು ಸಿದ್ಧರಿದ್ದೇವೆ.