ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?

ಹುಬ್ಬಳ್ಳಿಯ ಪೇಟೆ ಓಣಿಗಳಲ್ಲಿ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಒಂದು ಸಪ್ಪಳ ಶುರುವಾಗುತ್ತದೆ. ಪಟ್ ಪಟ್ ಪಟ್ ಎಂದು ಒಂದೇ ಲಯದಲ್ಲಿ ಅಂಗೈ ಬಡಿಯುವ ಸಪ್ಪಳ. ಆ ದನಿ ಹಿಡಿದು ಹೋದರೆ ಸಾಕು, ಖಾನಾವಳಿಯ ಬಾಗಿಲಿಗೆ ಮುಟ್ಟುತ್ತೀರಿ. ಬೋರ್ಡು ಓದುವ ಅಗತ್ಯವಿಲ್ಲ.

ಅಂಥದ್ದೊಂದು ಖಾನಾವಳಿಗೆ ಒಂದು ರವಿವಾರ ನಾವು ಒಂಬತ್ತು ಮಂದಿ ಹೋಗಿದ್ದೆವು. ನಮ್ಮವ್ವ, ಅಕ್ಕ-ಮಾವ, ಅವರ ಮಕ್ಕಳು, ಬೆಂಗಳೂರಿನಿಂದ ಬಂದಿದ್ದ ನನ್ನ ಇಬ್ಬರು ಗೆಳೆಯರು. ಎರಡು ಟೇಬಲ್ ಜೋಡಿಸಿಕೊಟ್ಟರು. ಊಟ ಅರ್ಧಕ್ಕೆ ಬಂದಾಗ ಅವ್ವ ಸಾಕೆಂದು ತಾಟಿನ ಮೇಲೆ ಕೈ ಅಡ್ಡ ಹಿಡಿದಳು. ಒಳಗಿನಿಂದ ಒಬ್ಬ ಹೆಣ್ಣುಮಗಳು ಅಂಗೈ ಮೇಲೆ ರೊಟ್ಟಿ ಇಟ್ಟುಕೊಂಡೇ ಬಂದರು. "ಯವ್ವಾ, ಈಗರ ಹಂಚಿನ ಮ್ಯಾಲಿಂದ ಇಳಿಸೇನಿ. ಅರ್ಧಾರ ತಗೋರಿ" ಎಂದು ಮುರಿದು, ಒಂದು ಪಾಲು ಅವ್ವನ ತಾಟಿಗೆ, ಇನ್ನೊಂದು ನನ್ನ ತಾಟಿಗೆ ಹಾಕಿದರು. ಮುರಿದ ಅಂಚಿನಿಂದ ಹಬೆ ಏಳುತ್ತಿತ್ತು. ಅವ್ವ ಆ ಅರ್ಧವನ್ನೂ ಉಂಡಳು, ಆಮೇಲೆ ಇನ್ನರ್ಧ ಕೇಳಿ ಹಾಕಿಸಿಕೊಂಡಳು.

ಉತ್ತರ ಕರ್ನಾಟಕದ ಖಾನಾವಳಿಯನ್ನು ಪರಿಚಯಿಸುವುದಾದರೆ ನಾನು ಈ ಅರ್ಧ ರೊಟ್ಟಿಯಿಂದಲೇ ಶುರು ಮಾಡುತ್ತೇನೆ. ಖಾನಾವಳಿಯ ಜೀವ ಇರುವುದು ಉಣ್ಣುವವರನ್ನು ಕೇಳಿ ಬಡಿಸುವ ಈ ರೂಢಿಯಲ್ಲಿ.

ಮನೆಯ ಒಲೆ ಬೀದಿಗೆ ಬಂದದ್ದು

ನಮ್ಮ ಕಡೆ ಮಂದಿಗೆ ಮನೆಯ ಹೊರಗೆ ಕೂಡಿ ಉಣ್ಣುವುದು ಹೊಸದಲ್ಲ. ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು, ನೆಂಟರು ಗೆಳೆಯರನ್ನು ಕರೆದುಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬೆಳೆಯ ನಡುವೆ ಕೂತು ಉಣ್ಣುತ್ತೇವೆ. ಜಾತ್ರೆಯ ಬಯಲಿನಲ್ಲಿ ಉಂಡಿದ್ದೇವೆ, ಮಠದ ಪಂಕ್ತಿಯಲ್ಲಿ ಉಂಡಿದ್ದೇವೆ. ಆದರೆ ದುಡ್ಡು ಕೊಟ್ಟು ಉಣ್ಣುವುದು ತಡವಾಗಿ ಬಂತು. ಅದು ಬಂದಾಗಲೂ ಹೊಲದ, ಪಂಕ್ತಿಯ ರೀತಿಯನ್ನು ಪೂರಾ ಬಿಡಲಿಲ್ಲ.

ಹೆಸರು ಬಂದದ್ದು ಮರಾಠಿಯಿಂದ. ಅಲ್ಲಿನ 'ಖಾಣಾವಳ' ನಮ್ಮಲ್ಲಿ ಖಾನಾವಳಿ ಆಯಿತು. 1956ರಲ್ಲಿ ಏಕೀಕರಣ ಆಗುವವರೆಗೆ ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳು ಮುಂಬಯಿ ಆಡಳಿತದಲ್ಲೇ ಇದ್ದವು. ಕಚೇರಿಯ ಮಾತು, ನಾಟಕದ ಮಾತು, ಅಡಿಗೆಯ ಮಾತು ಎರಡೂ ಕಡೆ ಓಡಾಡುತ್ತಿದ್ದ ಕಾಲ ಅದು.

ಮುಂಬಯಿಯ ಗಿರಣಿಗಳಿಗೆ ಹಳ್ಳಿಯಿಂದ ಒಂಟಿಯಾಗಿ ಬಂದ ಕಾರ್ಮಿಕರಿಗೆ ಚಾಳಿನ ಹೆಣ್ಣುಮಕ್ಕಳು ತಮ್ಮ ಮನೆಯ ಒಲೆಯ ಮೇಲೆಯೇ ಅಡಿಗೆ ಮಾಡಿ, ತಿಂಗಳ ಲೆಕ್ಕದಲ್ಲಿ ಹಾಕುತ್ತಿದ್ದರು. ಆ ಹೆಣ್ಣುಮಕ್ಕಳನ್ನು ಬಡ್ಡಿಯ ಸಾಲದಿಂದ ಬಿಡಿಸಿ ಬ್ಯಾಂಕಿನ ಬಾಗಿಲಿಗೆ ಕರೆದೊಯ್ದವರು ಪ್ರೇಮಾ ಪುರವ. 1975ರಲ್ಲಿ ಅವರು ಕಟ್ಟಿದ ಅನ್ನಪೂರ್ಣಾ ಮಹಿಳಾ ಮಂಡಳ ಖಾನಾವಳಿ ನಡೆಸುವವರದೇ ಸಂಘಟನೆ. ಅನ್ನ ಬೇಯಿಸುವುದೂ ಒಂದು ದುಡಿಮೆ, ಅದಕ್ಕೂ ಬ್ಯಾಂಕು ಸಾಲ ಕೊಡಬೇಕು ಎಂಬುದನ್ನು ಆ ಹೆಣ್ಣುಮಕ್ಕಳು ಸಾಧಿಸಿ ತೋರಿಸಿದರು.

ನಮ್ಮಲ್ಲಿ ಗಿರಣಿಗಳ ಜಾಗದಲ್ಲಿ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ ಇತ್ತು, ಹತ್ತಿ ಮತ್ತು ಕಾಳುಕಡಿಯ ಪೇಟೆ ಇತ್ತು, ಧಾರವಾಡದ ಕೋರ್ಟು ಕಚೇರಿಗಳಿದ್ದವು. ಎಲ್ಲಕ್ಕಿಂತ ಮಿಗಿಲಾಗಿ ವಿದ್ಯಾರ್ಥಿಗಳಿದ್ದರು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾದ ಮೇಲೆ ಸುತ್ತಲಿನ ಜಿಲ್ಲೆಗಳ ಹುಡುಗರು ಧಾರವಾಡಕ್ಕೆ ಬಂದರು. ಕೆಲವರು ವಾರಾನ್ನ ಹಚ್ಚಿಕೊಂಡು ಓದಿದರು, ಕೆಲವರು ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿದರು. ಊರಿನಿಂದ ಬಸ್ಸಿಗೆ ಹಾಕಿ ಕಳಿಸಿದ ಬುತ್ತಿಗಾಗಿ ನಿಲ್ದಾಣದಲ್ಲಿ ಕಾದು ನಿಂತವರೂ ಇದ್ದರು. ಇದ್ಯಾವುದೂ ಇಲ್ಲದವರಿಗೆ ಖಾನಾವಳಿಯೇ ಗತಿ. ತಿಂಗಳ ಮೊದಲಿಗೆ ದುಡ್ಡು ಕಟ್ಟಿದರೆ ಎರಡು ಹೊತ್ತಿನ ಚಿಂತೆ ಮುಗಿಯಿತು. 1957ರಲ್ಲಿ ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಬಂದ ಮೇಲೆ ರೋಗಿಗಳ ಸಂಗಡ ಬಂದವರೂ ಈ ಸಾಲಿಗೆ ಸೇರಿದರು. ಊರು ಬಿಟ್ಟು ಬಂದವರಿಗೆ ಊರಿನ ಊಟ ಹಾಕುವುದು ಖಾನಾವಳಿಯ ಮೊದಲ ಕಸುಬು. ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ರವಿವಾರ ಹೋಗುವ ರೂಢಿ ಬೆಳೆದದ್ದು ಆಮೇಲೆ.

ರೊಟ್ಟಿಯ ವಿದ್ಯೆ

ಖಾನಾವಳಿಯ ಅಡಿಗೆಮನೆಗೆ ಹೋಗಿ ನೋಡುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ. "ಬರ್ರಿ, ನೋಡ್ರಿ" ಅನ್ನುತ್ತಾರೆ. ನಾವು ಹೋದಲ್ಲಿ ನಾಲ್ಕು ಮಂದಿ ಹೆಣ್ಣುಮಕ್ಕಳು ಒಲೆಗಳ ಮುಂದೆ ಕೂತಿದ್ದರು.

ಗೋಧಿಯ ಹಿಟ್ಟಿಗಿರುವ ಜಿಗುಟು ಜೋಳದ ಹಿಟ್ಟಿಗಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಬಡಿಯುವಾಗಲೇ ಅಂಚು ಸೀಳುತ್ತದೆ. ಅದಕ್ಕೇ ಕುದಿಯುವ ನೀರು ಬೇಕು. ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರು ಸುರಿದಾಗ ಹಿಟ್ಟು ಅರೆಬೆಂದು ಅಂಟು ಬಿಡುತ್ತದೆ. ಕೈ ಸುಡುವ ಬಿಸಿಯಲ್ಲೇ ಅದನ್ನು ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ನಾದಿದ್ದು ಕಡಿಮೆಯಾದರೆ ಹಂಚಿನ ಮೇಲೆ ರೊಟ್ಟಿ ಉಬ್ಬುವುದಿಲ್ಲ. ನಾದಿಟ್ಟ ಹಿಟ್ಟು ಕಾಯುವುದೂ ಇಲ್ಲ, ಹೊತ್ತು ಹೋದಷ್ಟೂ ಬಿರಿಯುತ್ತದೆ. ಆದ್ದರಿಂದ ಖಾನಾವಳಿಯಲ್ಲಿ ಒಮ್ಮೆಗೆ ನಾಲ್ಕೈದು ರೊಟ್ಟಿಗಾಗುವಷ್ಟು ಮಾತ್ರ ನಾದುತ್ತಾರೆ. ಮಂದಿ ಬರುತ್ತಿದ್ದ ಹಾಗೆ ಮತ್ತೆ ಮತ್ತೆ ನಾದುತ್ತಾರೆ.

ಆಮೇಲೆ ಬಡಿಯುವ ಕೆಲಸ. ಒಣಹಿಟ್ಟು ಉದುರಿಸಿ ಉಂಡೆ ಇಟ್ಟು, ಒಂದು ಕೈ ಬಡಿಯುತ್ತಿದ್ದರೆ ಇನ್ನೊಂದು ಕೈ ಅಂಚನ್ನು ಕಾಯುತ್ತದೆ. ಬಡಿಯುವ ಪೆಟ್ಟಿಗೇ ರೊಟ್ಟಿ ತಾನಾಗಿ ತಿರುಗುತ್ತ ಅಗಲವಾಗುತ್ತದೆ. ನಾನು ಕೈಗಡಿಯಾರ ನೋಡುತ್ತ ನಿಂತಿದ್ದೆ. ಉಂಡೆ ಇಟ್ಟು ಒಂದು ನಿಮಿಷವೂ ತುಂಬಿರಲಿಲ್ಲ, ಚಂದ್ರನಂಥ ರೊಟ್ಟಿ ಹಂಚಿಗೆ ಬಿದ್ದಿತ್ತು. ಕೂಡಲೇ ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರಿ ಒಣಹಿಟ್ಟು ತೊಳೆದರು. ನೀರು ಆರಿತೋ ಇಲ್ಲವೋ ತಿರುವಿದರು. ಕೊನೆಗೆ ಅರಿವೆಯ ಮುದ್ದೆಯಿಂದ ಅಲ್ಲಲ್ಲಿ ಒತ್ತಿದಾಗ ರೊಟ್ಟಿ ಬುಗ್ಗನೆ ಉಬ್ಬಿ ಎರಡು ಪದರವಾಯಿತು. ಆ ಪದರವೇ ಪರೀಕ್ಷೆ. ಹಾಗೆ ಉಬ್ಬಿದ ರೊಟ್ಟಿ ಬಾಯಲ್ಲಿ ಮೆತ್ತಗಿರುತ್ತದೆ.

ಒಳ್ಳೆಯ ಕೈಗೆ ಒಳ್ಳೆಯ ಜೋಳವೂ ಬೇಕು. ಎರೆಭೂಮಿಯಲ್ಲಿ ಹಿಂಗಾರಿಗೆ ಬಿತ್ತಿ, ಮಳೆ ಇಲ್ಲದೆ ನೆಲದ ಹಸಿಯಲ್ಲೇ ಚಳಿಗೆ ಬೆಳೆದ ಬಿಳಿಜೋಳಕ್ಕೆ ಖಾನಾವಳಿಗಳಲ್ಲಿ ಮೊದಲ ಮರ್ಯಾದೆ. ಸೋಲಾಪುರ ಸೀಮೆಯಲ್ಲಿ 1930ರ ದಶಕದಲ್ಲಿ ಆಯ್ದ ಎಂ 35-1 ಎಂಬ ಮಾಲದಂಡಿ ತಳಿಗೆ ಇಂದಿಗೂ ರೊಟ್ಟಿಯ ಮಂದಿ ಬೆಲೆ ಕೊಡುತ್ತಾರೆ. ಎಷ್ಟೋ ಹೊಸ ತಳಿಗಳು ಬಂದು ಹೋದರೂ ಇದರ ರುಚಿಗೆ ಮರುಳಾದ ನಾಲಗೆ ಬೇರೆಯದನ್ನು ಸುಲಭಕ್ಕೆ ಒಪ್ಪುವುದಿಲ್ಲ.

ತಾಟಿನ ನಕಾಶೆ

ಕೂತ ಕೂಡಲೇ ತಾಟಿನ ಅಂಚಿಗೆ ಪುಡಿಚಟ್ನಿಗಳು ಬೀಳುತ್ತವೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಪಕ್ಕಕ್ಕೆ ಕೆಂಪು ಮೆಣಸಿನಕಾಯಿಯ ರಂಜಕ. ಬ್ಯಾಡಗಿ ಮೆಣಸಿನಕಾಯಿ ಸೇರಿದ್ದರೆ ಕಣ್ಣಿಗೆ ಕಾಣುವಷ್ಟು ಖಾರ ನಾಲಗೆಗೆ ತಾಗುವುದಿಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿ ಬಣ್ಣಕ್ಕೇ ಹೆಸರಾದದ್ದು. ಹಿಂಡಿಯ ನಡುವೆ ಬೆರಳಿನಿಂದ ಕುಳಿ ಮಾಡಿ ಎಣ್ಣೆ ಹಾಕಿಸಿಕೊಳ್ಳಬೇಕು, ಇಲ್ಲವೇ ಗಟ್ಟಿ ಮೊಸರು ಕಲಸಬೇಕು.

ಪಲ್ಯ ಎರಡು ನಮೂನೆ. ಒಂದು ಕಾಳಿನದು: ಹೆಸರುಕಾಳು, ಮಡಿಕಿಕಾಳು, ಅಲಸಂದಿ, ಆ ದಿನ ಯಾವುದು ಮೊಳಕೆ ಬಂದಿದೆಯೋ ಅದು. ಇನ್ನೊಂದು ಕಾಯಿಯದು ಅಥವಾ ತಪ್ಪಲಿನದು. ಬದನೆಯ ಎಣಗಾಯಿ ಇದ್ದ ದಿನ ಕೂಳಿಗೆ ಕಳೆ ಹೆಚ್ಚು. ತೊಟ್ಟು ಬಿಡಿಸದೆ ನಾಲ್ಕು ಸೀಳು ಮಾಡಿದ ಎಳೆಗಾಯಿಯೊಳಗೆ ಶೇಂಗಾ, ಎಳ್ಳು, ಮಸಾಲೆ ತುಂಬಿ ಎಣ್ಣೆಯಲ್ಲಿ ಸಾವಕಾಶ ಬೇಯಿಸಿದ್ದು ಅದು. ಪುಂಡಿ ಪಲ್ಯದ ಹುಳಿ, ಜುಣಕದ ಒಗ್ಗರಣೆ ಅದರ ಜೋಡಿ. ಇವುಗಳ ಸಂಗಡ ಹಸಿ ಉಳ್ಳಾಗಡ್ಡಿ, ಸೌತಿಕಾಯಿ, ಮೂಲಂಗಿ, ಮೆಂತ್ಯದ ಎಳೆ ತಪ್ಪಲು, ಸಿಕ್ಕಾಗ ಹಕ್ಕರಕಿ. ಬಿಸಿ ರೊಟ್ಟಿ ಮುಗಿದ ಮೇಲೆ ಅನ್ನ-ಸಾರು, ಕೊನೆಗೆ ಮಜ್ಜಿಗೆ. ಹಬ್ಬದ ದಿನವಾದರೆ ಗೋಧಿ ಹುಗ್ಗಿ ಅಥವಾ ಹೋಳಿಗೆ.

ಲಿಂಗಾಯತ ಖಾನಾವಳಿ, ಬಸವೇಶ್ವರ ಖಾನಾವಳಿ ಎಂದು ಬೋರ್ಡು ಇದ್ದಲ್ಲಿ ಸಿಗುವುದು ಇಂಥ ಸಸ್ಯಾಹಾರ. ಖಾರದ ಮಾಂಸದೂಟ ಬೇಕಾದವರು ಸಾವಜಿ ಖಾನಾವಳಿ ಹುಡುಕುತ್ತಾರೆ. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ನೆಲೆನಿಂತ, ನೇಕಾರಿಕೆ ಕುಲಕಸುಬಾಗಿದ್ದ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಮನೆಯಡಿಗೆ ಅದು. ಮಸಾಲೆ ಅರೆಯುವ ಗುಟ್ಟು ಮನೆಯಿಂದ ಮನೆಗೆ ಬೇರೆ. ಖೈಮಾದ ಉಂಡಿ, ಸುಕ್ಕಾ, ಬೆವರು ಇಳಿಸುವ ಕೆಂಪು ರಸ. ಗೆಳೆಯರ ಗುಂಪು ರಾತ್ರಿ ಹೊತ್ತು ಸೇರುವುದು ಹೆಚ್ಚಾಗಿ ಅಲ್ಲಿ. ಎರಡೂ ಕಡೆ ರೊಟ್ಟಿ ಒಂದೇ.

ಮನೆಮಂದಿಯ ಜೊತೆ ಹೋಗುವವರಿಗೆ ನನ್ನ ಅನುಭವದ ಎರಡು ಮಾತು. ಹನ್ನೆರಡೂವರೆಯ ಒಳಗೆ ಮುಟ್ಟಿರಿ, ಆಗ ಪಲ್ಯ ತಾಜಾ, ಒಲೆಯ ಮುಂದಿನವರಿಗೂ ಮಾತಾಡಲು ಪುರಸೊತ್ತು. ಮತ್ತೆ, ಎಲ್ಲಾ ರೊಟ್ಟಿ ಒಮ್ಮೆಗೇ ತರಿಸಬೇಡಿ. ಒಂದು ಮುಗಿಯುವಾಗ ಇನ್ನೊಂದು ಬರಲಿ. ಅದರಿಂದ ಊಟ ನಿಧಾನವಾಗುತ್ತದೆ, ನಡುವೆ ಮಾತು ಬೆಳೆಯುತ್ತದೆ. ನಮ್ಮ ಅಕ್ಕನ ಮಗ, ಮನೆಯಲ್ಲಿ ಮೊಬೈಲ್ ನೋಡದೆ ಒಂದು ತುತ್ತೂ ಎತ್ತದ ಹುಡುಗ, ಅವತ್ತು ಮುಂದಿನ ರೊಟ್ಟಿ ಉಬ್ಬುತ್ತದೋ ಇಲ್ಲವೋ ಎಂದು ಅಡಿಗೆಮನೆಯ ಬಾಗಿಲ ಕಡೆಗೇ ನೋಡುತ್ತಿದ್ದ.

ಎಣಿಕೆಯ ಮಾತು

ಎಷ್ಟು ಬೇಕಾದರೂ ಉಣ್ಣಿರಿ ಎಂಬುದು ಹಳೆಯ ಖಾನಾವಳಿಯ ನಡೆ. ಈಗ ಬಹಳ ಕಡೆ ತಾಟಿಗೆ ಎರಡು ರೊಟ್ಟಿ, ಮುಂದಿನದಕ್ಕೆ ಬೇರೆ ದುಡ್ಡು. ಹಳೆಯ ಗಿರಾಕಿಗಳಿಗೆ ಇದು ಬೇಸರ. ನನಗೂ ಮೊದಲು ಬೇಸರವಾಗಿತ್ತು. ಒಲೆಯ ಮುಂದೆ ಅರ್ಧ ತಾಸು ನಿಂತ ಮೇಲೆ ಅದು ಹೋಯಿತು. ಜೋಳದ ಬೆಲೆ ಏರಿದೆ, ಬಡಿಯುವ ಕೈಗಳು ಕಡಿಮೆಯಾಗಿವೆ. ಮಗಳಿಗೆ ಈ ಕೆಲಸ ಬೇಡ ಅನ್ನುವ ತಾಯಂದಿರ ಮಾತಿನಲ್ಲಿ ನ್ಯಾಯವಿದೆ. ದಿನಕ್ಕೆ ನೂರಾರು ರೊಟ್ಟಿ ಬಡಿದ ಮಣಿಕಟ್ಟು ರಾತ್ರಿ ನೋಯುತ್ತದೆ, ಒಲೆಯ ಝಳಕ್ಕೆ ಕಣ್ಣು ಉರಿಯುತ್ತದೆ. ಹೆಚ್ಚಿನ ರೊಟ್ಟಿಗೆ ಹೆಚ್ಚಿನ ದುಡ್ಡು ಕೊಡುವುದು ಸರಿ. ಆ ದುಡ್ಡಿನಲ್ಲಿ ಬಡಿದವರ ಪಾಲು ಬಡಿದವರಿಗೆ ಮುಟ್ಟಬೇಕು.

ರೊಟ್ಟಿ ಮಾಡುವ ಯಂತ್ರಗಳೂ ಬಂದಿವೆ. ಖಡಕ್ ರೊಟ್ಟಿ ಒಣಗಿಸಿ ಪೊಟ್ಟಣ ಕಟ್ಟಿ ದೂರದೂರಿಗೆ ಕಳಿಸುವ ಸ್ವಸಹಾಯ ಸಂಘಗಳಿಗೆ ಅವು ನೆರವಾಗಿವೆ. ಕಲಬುರಗಿಯ ಹೆಣ್ಣುಮಕ್ಕಳು 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಕಟ್ಟಿಕೊಂಡಿರುವ ವ್ಯಾಪಾರ ಹೆಮ್ಮೆಪಡುವಂಥದ್ದು. ಬೆಂಗಳೂರಿನ ವಿಜಯನಗರ, ರಾಜಾಜಿನಗರದ ಕಡೆ ಖಾನಾವಳಿ ತೆರೆದವರು ನೌಕರಿಗೆಂದು ಬಂದ ನಮ್ಮ ಹುಡುಗರಿಗೆ ಊರಿನ ತಾಟನ್ನೇ ಇಡುತ್ತಿದ್ದಾರೆ. ಹೊಸ ಜಾಗ, ಹೊಸ ಯಂತ್ರ, ಹೊಸ ದರ ಎಲ್ಲವೂ ಬರಲಿ. ತಾಟಿನ ಕಡೆಗೆ ಒಂದು ಕಣ್ಣಿಟ್ಟು, ಖಾಲಿಯಾಗುವ ಮುಂಚೆ ಬಂದು ಕೇಳುವ ಆ ಒಂದು ರೂಢಿ ಮಾತ್ರ ಉಳಿಯಬೇಕು. ಅದು ಉಳಿದರೆ ಖಾನಾವಳಿ ಉಳಿದ ಹಾಗೆ.

ಕೈ ತೊಳೆದು ಹೊರಗೆ ಬರುವಾಗ ಅವ್ವ, "ತವರಮನ್ಯಾಗ ಉಂಡಂಗಾತು ನೋಡು" ಅಂದಳು. ನಮ್ಮ ಮನೆಯಲ್ಲಿ ಐವತ್ತು ವರ್ಷ ಅವಳೇ ರೊಟ್ಟಿ ಬಡಿದವಳು. ಎಲ್ಲರಿಗೂ ಬಿಸಿಯದು ಹಾಕಿ, ತಾನು ಕೊನೆಗೆ ಆರಿದ್ದನ್ನು ಉಂಡವಳು. ಕೂತಲ್ಲೇ ಬಿಸಿ ರೊಟ್ಟಿ ಬಂದು ತಾಟಿಗೆ ಬೀಳುವ ಸುಖ ಅವಳಿಗೆ ಮದುವೆಗೆ ಮುಂಚೆ ಸಿಕ್ಕಿದ್ದಿರಬೇಕು. ಖಾನಾವಳಿಗೆ ಮನೆಮಂದಿಯನ್ನು ಕರೆದೊಯ್ಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಹೊಳೆಯುವುದಿಲ್ಲ.

ಗಲ್ಲೆಯ ಹತ್ತಿರ ನಾನು ದುಡ್ಡು ಕೊಡುತ್ತಿದ್ದಾಗ ಅವ್ವ ಮತ್ತೆ ಅಡಿಗೆಮನೆಯ ಬಾಗಿಲಿಗೆ ಹೋದಳು. ಅರ್ಧ ರೊಟ್ಟಿ ಹಾಕಿದ ಹೆಣ್ಣುಮಗಳು ಹಿಟ್ಟು ನಾದುತ್ತಿದ್ದರು.

"ನಿಂದು ಊಟ ಆತೇನವ್ವಾ?"

"ಮೂರಕ್ಕ ಮಾಡತೇವ್ರಿ ಯವ್ವಾ, ಎಲ್ಲಾರ್ದೂ ಮುಗದ ಮ್ಯಾಲ."

ಅವ್ವ ಸುಮ್ಮನೆ ತಲೆದೂಗಿದಳು. ಆ ಉತ್ತರ ಅವಳಿಗೆ ಹೊಸದಾಗಿರಲಿಲ್ಲ.